ಹೊಟ್ಟು ತುಂಬಿದ ಗೋಡೆ

ಸೂಸೈರಾಜನಿಗೆ ಗಾಳಿಯ ಮೇಲೆ ಹಗೆ. ನಗಬೇಡಿ. ಅವನ ಮಗಳು ಪುಷ್ಪಮೇರಿಯ ಚೊಚ್ಚಲ ಕೂಸು ಮೈಸೂರಿನ ಲಷ್ಕರ್ ಮೊಹಲ್ಲಾದ ಅವನ ಮನೆಯಲ್ಲೇ ಹುಟ್ಟಿ, ಕಣ್ಣು ಸರಿಯಾಗಿ ಬಿಡುವ ಮೊದಲೇ ಶೀತವಾಗಿ ಹೋಗಿಬಿಟ್ಟಿತ್ತು. ಕ್ರಿಸ್ಮಸ್ಸಿನ ಚಳಿ ಅದು. ಗೋಡೆಯ ಕಿಂಡಿಯಿಂದ ನುಗ್ಗಿದ ಗಾಳಿಯೇ ಕೂಸನ್ನು ತಿಂದಿತೆಂದು ಅವನು ನಂಬಿದ್ದ. ಆ ಕಿಂಡಿಯಾದರೂ ಅವನು ಇಟ್ಟದ್ದಲ್ಲ. ಊರಿಗೆ ಮೊದಲ ಸಲ ಪ್ಲೇಗು ಬಂದಾಗ ಪ್ಲೇಗಿನ ಆಳುಗಳು ಹಾರೆ ಹಿಡಿದು ಮನೆಮನೆಗೂ ಬಂದು, ಬೆಳಕು ಬರಲಿ, ಗಾಳಿಯಾಡಲಿ ಎಂದು ಗೋಡೆಗಳಿಗೆ ತೂತು ಹೊಡೆದು ಹೋಗಿದ್ದರು.

"ಗಾಳಿ ಬರ್ಲಿ ಅಂದ್ರು. ಬಂತು. ಕೂಸನ್ನ ಎತ್ಕೊಂಡ್ಹೋಯ್ತು," ಎಂದು ಅವನು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಕಿಂಡಿಗೆ ಗೋಣಿ ತುರುಕಿದ್ದ. ಅದರ ಮೇಲೆ ಮಣ್ಣು ಮೆತ್ತಿದ್ದ. ಆದರೂ ಆ ಮನೆಯ ಗೋಡೆ ಮೋರಿಯ ಪಕ್ಕದ್ದು, ಕೈಯಿಟ್ಟರೆ ಒದ್ದೆ. ಹೆಂಚಿನ ಸಂದಿಯಿಂದ ಆಕಾಶ ಕಾಣುತ್ತಿತ್ತು.

ನಮ್ಮ ಮನೆಗೂ ಅವನ ಹಿತ್ತಲಿಗೂ ನಡುವೆ ಇದ್ದದ್ದು ಒಂದು ಕಳ್ಳಿಬೇಲಿ ಮಾತ್ರ. ಹಾಗಾಗಿ ನಡೆದದ್ದನ್ನೆಲ್ಲ ನಾನು ಕಂಡವನೇ. ಅವನು ಒಬ್ಬ ದೊರೆಯ ಬಂಗಲೆಯಲ್ಲಿ ಬಟ್ಲರು. ಹೆಂಡತಿ ಇನ್ನಾಸಮ್ಮ, ಮಾತು ಕಡಿಮೆ, ಕೆಲಸ ಹೆಚ್ಚು. ಇದ್ದವಳು ಒಬ್ಬಳೇ ಮಗಳು ಪುಷ್ಪಮೇರಿ. ಅವಳ ಗಂಡ ಕ್ಸೇವಿಯರ್ ಅರಸೀಕೆರೆಯಲ್ಲಿ ರೈಲ್ವೆ ಕೆಲಸದಲ್ಲಿದ್ದ. ಜರ್ಮನಿಯ ಯುದ್ಧಕ್ಕೆ ಎರಡು ವರ್ಷ ಮೊದಲು, ದಸರಾ ಮುಗಿದ ಕೂಡಲೇ, ಅವಳು ತುಂಬಿದ ಬಸುರಿಯಾಗಿ ಮತ್ತೆ ತವರಿಗೆ ಬಂದಳು.

ಬಂದವಳು ಜಗಲಿಯ ಮೇಲೆ ಕೂತು ಅಪ್ಪನಿಗೆ ಹೇಳಿದ ಮೊದಲ ಮಾತು ನನ್ನ ಕಿವಿಗೂ ಬಿತ್ತು.

"ಅಪ್ಪ, ಇದೂ ಹೋದ್ರೆ ನಾನು ಆ ಮನೆಗೆ ತಿರುಗಿ ಹೋಗಲ್ಲ. ಅತ್ತೆ ಏನೂ ಅನ್ನಲ್ಲ. ಏನೂ ಅನ್ನದೆ ನೋಡ್ತಾರಲ್ಲ, ಅದನ್ನ ತಡ್ಕೊಳೋಕಾಗಲ್ಲ."

ಸೂಸೈರಾಜ ಮಗಳ ಟ್ರಂಕನ್ನು ಒಳಗಿಟ್ಟು ಹಿತ್ತಲಿಗೆ ಹೋಗಿ, ಸೀಬೆಮರದ ಪಕ್ಕದ ಜಾಗವನ್ನು ಹೆಜ್ಜೆಯಲ್ಲಿ ಅಳೆಯತೊಡಗಿದ. ಹಿತ್ತಲಲ್ಲಿ ಬೇರೆಯಾಗಿ ಒಂದು ಬಾಣಂತಿ ಕೋಣೆ ಕಟ್ಟುವುದೆಂದು ಆಗಲೇ ನಿಶ್ಚಯ ಮಾಡಿದ್ದ. ಒಂದು ಮಂಚ, ಒಂದು ತೊಟ್ಟಿಲು, ಒಂದು ಅಗ್ಗಿಷ್ಟಿಕೆ ಹಿಡಿದರೆ ಸಾಕು. ಆದರೆ ಗಾಳಿ ಮಾತ್ರ ಒಳಗೆ ಬರಕೂಡದು.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದ ಮೇಲೆ ಸೀಬೆಮರದ ಕೆಳಗೆ ಪಂಚಾಯಿತಿ ಸೇರಿತು. ಇನ್ನಾಸಮ್ಮನ ತಮ್ಮ ಅಮಲರಾಜ್ ಬಂದಿದ್ದ. ಅವನು ಇಟ್ಟಿಗೆ ಗಾರೆ ಕೆಲಸದ ಮೇಸ್ತ್ರಿ. ಮಣ್ಣಿನ ಗೋಡೆ ಎಬ್ಬಿಸುವ ಜವರಯ್ಯನನ್ನೂ ಕರೆಸಿದ್ದರು. ನಾನು ಬೇಲಿಯ ಈಚೆಯಿಂದಲೇ ಹಾಜರಿ ಹಾಕಿದೆ.

"ಭಾವ, ನನ್ನ ಮಾತು ಕೇಳಿ. ಇಟ್ಟಿಗೆ ಗಾರೆ ಹಾಕ್ಬುಡೋಣ. ನೂರು ವರ್ಷ ಅಳ್ಳಾಡಲ್ಲ," ಎಂದ ಅಮಲರಾಜ್.

"ನೂರು ವರ್ಷ ಯಾರಿಗ್ಬೇಕಪ್ಪ? ನನಗೆ ಒಂದು ಬಾಣಂತನ ದಾಟಿದ್ರೆ ಸಾಕು," ಎಂದ ಸೂಸೈರಾಜ.

ಜವರಯ್ಯ ಎಲೆಯಡಿಕೆ ಉಗುಳಿ ಬಂದು ಬಾಯಿ ಬಿಟ್ಟ. "ಗಾರೆ ಒಣಗ್ದೆ ಇದ್ರೆ ಗ್ವಾಡೆ ಬೆವರ್ತದೆ ಬಟ್ಲರ್ ಸಾಮಿ. ಅಸೀ ಗಾರೆ ಪಕ್ಕ ಬಾಣಂತೀನ ಮಲಗ್ಸೋದೂ ಒಂದೆ, ಬಾವಿಗಿಳ್ಸೋದೂ ಒಂದೆ. ಮಣ್ಣಿನ ಗ್ವಾಡೆ ಆಕ್ಸಿ. ಮೊಳದಗಲ ದಪ್ಪ. ಚಳೀಲಿ ಬೆಚ್ಗಿರ್ತದೆ."

"ಈ ಮಳೇಲಿ ಮಣ್ಣಿನ ಗೋಡೆಯಾ? ಒಂದು ವರಸೆ ಇಟ್ಟು, ಅದು ಒಣಗೋ ತನಕ ಕಾದು, ಮೇಲೊಂದು ವರಸೆ ಇಡೋಷ್ಟರಲ್ಲಿ ಮಗು ಹುಟ್ಟಿ ಸ್ಕೂಲಿಗೆ ಹೋಗ್ತಿರುತ್ತೆ," ಎಂದ ಅಮಲರಾಜ್.

"ನಿಮ್ ಗಾರೆ ಒಣಗೋ ವೊತ್ಗೆ ಅದ್ಕೆ ಮದ್ವೆನೇ ಆಗಿರ್ತದೆ, ಬುಡಿ."

ಪುಷ್ಪಮೇರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕದ್ದನ್ನು ನಾನು ಕಡೆಯದಾಗಿ ಕೇಳಿದ್ದು ಅವತ್ತೇ ಇರಬೇಕು. ಇಬ್ಬರೂ ಇನ್ನೊಬ್ಬರ ಗೋಡೆಯ ಬಗ್ಗೆ ಆಡಿದ್ದು ನಿಜವೇ. ತಮ್ಮ ತಮ್ಮ ಗೋಡೆಯ ಮಾತು ಬಂದಾಗ ಮಾತ್ರ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಊಟದ ಹೊತ್ತಾಯಿತು, ತೀರ್ಮಾನ ಆಗಲಿಲ್ಲ.

ತೀರ್ಮಾನ ಆದದ್ದು ಬಂಗಲೆಯಲ್ಲಿ. ದೊರೆಗಳ ಪಾನೀಯಕ್ಕೆ ಬೆಂಗಳೂರಿನಿಂದ ರೈಲಿನಲ್ಲಿ ಮಂಜುಗಡ್ಡೆ ಬರುತ್ತಿತ್ತು. ಅದನ್ನಿಡುವ ಪೆಟ್ಟಿಗೆಗೆ ಒಳಗೊಂದು ಹಲಗೆ, ಹೊರಗೊಂದು ಹಲಗೆ, ನಡುವಿನ ಸಂದಿಗೆ ಭತ್ತದ ಹೊಟ್ಟು. ಹೊರಗೆ ಬಿಸಿಲು ಕಾಯುತ್ತಿದ್ದರೂ ಒಳಗಿನ ಗಡ್ಡೆ ಕರಗದೆ ಕೂತಿರುತ್ತಿತ್ತು. ಎಷ್ಟೋ ವರ್ಷದಿಂದ ಆ ಪೆಟ್ಟಿಗೆಯ ಮುಚ್ಚಳ ತೆಗೆದು ಮುಚ್ಚುತ್ತಿದ್ದ ಸೂಸೈರಾಜನಿಗೆ ಅವತ್ತು ಹೊಳೆಯಿತು. ಸಂಜೆ ಬೇಲಿಯ ಹತ್ತಿರ ಬಂದು, ಚಿನ್ನದ ಗಣಿ ಕಂಡವನ ಹಾಗೆ ಹೇಳಿದ.

"ಹೊಟ್ಟು ಒಳಗಿಂದನ್ನ ಹೊರಗೆ ಬಿಡಲ್ಲ ಕಣ್ರೀ, ಹೊರಗಿಂದನ್ನ ಒಳಗೆ ಬಿಡಲ್ಲ. ಥಂಡೀನೇ ಹಿಡಿದಿಡೋ ಹೊಟ್ಟು ಬಿಸೀನ ಹಿಡಿದಿಡಲ್ವಾ? ಎರಡು ಬಿದಿರು ತಟ್ಟಿ ನಿಲ್ಲಿಸಿ ಮಧ್ಯೆ ಹೊಟ್ಟು ತುಂಬಿಬುಟ್ರೆ ಮುಗೀತು. ಒಣಗೋ ಕೆಲಸಾನೇ ಇಲ್ಲ."

ಒಪ್ಪದೆ ಇರಲು ಯಾರಿಗೂ ಕಾರಣ ಕಾಣಲಿಲ್ಲ. ಜವರಯ್ಯನಿಗೆ ಮಣ್ಣಿನ ಗೋಡೆ ತಪ್ಪಿತೆಂಬ ಸಿಟ್ಟು, ಅದಕ್ಕೇ ಬೆಂಕಿಯ ಮಾತೆತ್ತಿದ. "ಬತ್ತದ ಒಟ್ಟಿಗೆ ಕಿಡಿ ಬಿದ್ರೆ ಏನ್ಮಾಡೀರಿ ಸಾಮಿ? ತಾಯಿ ಮಗೂನ ಬೆಂಕಿ ಪೆಟ್ಗೆಲಿಟ್ಟಂಗೆ." ಮಾತು ಎಲ್ಲರ ಮನಸ್ಸಿಗೂ ನಾಟಿತು. ತಟ್ಟಿಗಳ ಎರಡೂ ಮೈಗೆ ದಪ್ಪವಾಗಿ ಮಣ್ಣು ಸಗಣಿ ಮೆತ್ತಿಸಿದರು. ಅಗ್ಗಿಷ್ಟಿಕೆಗೆ ಚಪ್ಪಡಿ ಕಲ್ಲು ಹಾಕಿದರು. ಬಾಗಿಲ ಹತ್ತಿರ ಸದಾ ಎರಡು ಕೊಡ ನೀರು ಇರಬೇಕೆಂದು ಕಟ್ಟಪ್ಪಣೆಯಾಯಿತು. ಮುಂದೆಯೂ ನಾವು ಅಷ್ಟೂ ಜನ ಬೆಂಕಿ ಬರುವ ದಾರಿಯನ್ನೇ ಕಾವಲು ಕಾದೆವು.

ಇಲಿಯ ಮಾತು ಬರಲಿಲ್ಲವೆಂದಲ್ಲ. ಮಂಡಿ ಮೊಹಲ್ಲಾದಿಂದ ಗಾಡಿಯಲ್ಲಿ ಹೊಟ್ಟಿನ ಮೂಟೆ ಬಂದಿಳಿದಾಗ ಇನ್ನಾಸಮ್ಮ ಒಂದು ಹಿಡಿ ತೆಗೆದು ಅಂಗೈಯಲ್ಲಿ ತೂರಿದಳು. ಹೊಟ್ಟು ಹಾರಿಹೋಗಿ ಅಂಗೈಯಲ್ಲಿ ನಾಲ್ಕು ಅಕ್ಕಿ ನುಚ್ಚು ಉಳಿಯಿತು.

"ರೀ, ಇದರಲ್ಲಿ ನುಚ್ಚಿದೆ. ಇಲಿ ಸೇರ್ಕೊಳಲ್ವಾ?"

"ಬೇವಿನಸೊಪ್ಪು ಹಾಕಿಸ್ತೀನಿ. ಸೇರ್ಕೊಂಡ್ರೂ ಏನಂತೆ? ಇಲಿ ಬಿದ್ರೆ ಗೊತ್ತಾಗುತ್ತಲ್ಲ. ಅವತ್ತೇ ಎದ್ದು ಹೋಗೋಣ."

ಇನ್ನಾಸಮ್ಮ ಸುಮ್ಮನಾದಳು. ಯಾರಾದರೂ ಸುಮ್ಮನಾಗುವ ಮಾತೇ ಅದು. ಆ ಕಾಲದ ಮೈಸೂರಿನಲ್ಲಿ ಅದಕ್ಕಿಂತ ಗಟ್ಟಿಯಾದ ನಂಬಿಕೆ ಇನ್ನೊಂದಿರಲಿಲ್ಲ. ಪ್ಲೇಗು ಬರುವ ಮುಂಚೆ ಇಲಿ ಬೀಳುತ್ತದೆ. ಅಟ್ಟದಿಂದಲೋ ಹೆಂಚಿನಿಂದಲೋ ಬಿದ್ದು, ನಡುಮನೆಯಲ್ಲಿ ಅಮಲೇರಿದಂತೆ ಸುತ್ತಿ, ಕಣ್ಣೆದುರಿಗೇ ಸಾಯುತ್ತದೆ. ಬಿದ್ದ ದಿನವೇ ಮನೆಗೆ ಬೀಗ ಹಾಕಿ, ಪಾತ್ರೆ ಪಡಗ ಹೊತ್ತುಕೊಂಡು ಊರಾಚೆಯ ಬಯಲಿಗೆ ಹೋಗಿ ಷೆಡ್ಡು ಹಾಕಿಕೊಂಡವರು ಬದುಕುತ್ತಾರೆ. ನಾವು ದೇವರನ್ನೂ ನಂಬಿದ್ದೆವು, ಪಾದ್ರಿಗಳನ್ನೂ ಪುರೋಹಿತರನ್ನೂ ನಂಬಿದ್ದೆವು. ಆದರೆ ಸಮಯಕ್ಕೆ ಸರಿಯಾಗಿ ಸುದ್ದಿ ಮುಟ್ಟಿಸುವುದು ಇಲಿ ಮಾತ್ರ ಎಂದು ಎಲ್ಲ ಜಾತಿಯವರಿಗೂ ಗೊತ್ತಿತ್ತು.

ದೀಪಾವಳಿ ಕಳೆಯುವಷ್ಟರಲ್ಲಿ ಕೋಣೆ ಎದ್ದು ನಿಂತಿತು. ಮೇಲೆ ಹೆಂಚು, ಹೆಂಚಿನ ಕೆಳಗೆ ತಟ್ಟಿ, ಅದರ ಮೇಲೂ ಹೊಟ್ಟು. ಕಿಂಡಿಯಿಲ್ಲ. ಬಾಗಿಲಿಗೆ ಕಂಬಳಿಯ ಪರದೆ. ಒಳಗೆ ಹೋದರೆ ಚರ್ಚಿನ ಗಂಟೆ ಕೂಡ ದೂರದ ಊರಿನದರಂತೆ ಕೇಳುತ್ತಿತ್ತು. ಬೀದಿಯವರೆಲ್ಲ ಸಾಲುಗಟ್ಟಿ ಬಂದು ನೋಡಿ ಹೊಗಳಿ ಹೋದರು. ಅರಮನೆಯ ಬಾಣಂತಿಗೂ ಇಂಥ ಕೋಣೆ ಇಲ್ಲ ಎಂದವರೂ ಉಂಟು. ಅಮಲರಾಜ್ ಗೋಡೆಗೆ ಕೈಯಿಟ್ಟು ನೋಡಿ, "ಸೋತೆ ಭಾವ," ಎಂದ.

ಡಿಸೆಂಬರ್ ಮೊದಲ ವಾರ ಗಂಡು ಕೂಸು ಹುಟ್ಟಿತು. ರಾಯಪ್ಪ ಎಂದು ಹೆಸರಿಟ್ಟು ಜ್ಞಾನಸ್ನಾನ ಮಾಡಿಸಿದರು. ಹೊರಗೆ ಬೆಟ್ಟದ ಕಡೆಯಿಂದ ಮೂಳೆ ಕೊರೆಯುವ ಗಾಳಿ. ಒಳಗೆ ಒಂದು ಹಿಡಿ ಕೆಂಡಕ್ಕೆ ಕೋಣೆಯೆಲ್ಲ ಬೆಚ್ಚಗೆ. ಕೂಸು ಬೆವರುತ್ತಿತ್ತೆಂದರೆ ನೋಡಿ. ಮೊದಲನೆಯದು ಬದುಕಿದ್ದ ದಿನಗಳನ್ನು ಇದು ದಾಟಿದ ಬೆಳಿಗ್ಗೆ ಸೂಸೈರಾಜ ನಮ್ಮ ಮನೆಗೆ ಬಂದು ಸಕ್ಕರೆ ಕೊಟ್ಟ. ಮಾತಾಡಲು ಹೋಗಿ ಅತ್ತುಬಿಟ್ಟ.

ಗೋಡೆಯೊಳಗೆ ಸದ್ದು ಶುರುವಾದದ್ದು ಆ ದಿನಗಳಲ್ಲೇ. ಸರಸರ, ಮತ್ತೆ ನಿಲ್ಲುವುದು, ಮತ್ತೆ ಸರಸರ. ಪುಷ್ಪಮೇರಿಗೆ ಕಸಿವಿಸಿ. ಸೂಸೈರಾಜ ಎಲ್ಲಿಂದಲೋ ಒಂದು ಬೆಕ್ಕು ತಂದ. ಅದು ಗೋಡೆಯನ್ನು ದಿಟ್ಟಿಸಿ ನೋಡುತ್ತ ಕೂತುಕೊಳ್ಳುತ್ತಿತ್ತು, ಅಷ್ಟೇ. ಗಿಲಾವು ಮಾಡಿದ ಗೋಡೆಯನ್ನು ಪಾಪ ಅದಾದರೂ ಹೇಗೆ ಬಗೆದೀತು?

ಅಷ್ಟರಲ್ಲಿ ಮಂಡಿ ಮೊಹಲ್ಲಾದಲ್ಲಿ ಇಲಿ ಬಿದ್ದ ಸುದ್ದಿ ಬಂತು. ಆಮೇಲೆ ನಮ್ಮ ಪಕ್ಕದ ಬೀದಿಯಲ್ಲೂ ಒಂದು ಮನೆಯಲ್ಲಿ ಬಿತ್ತು. ಗಾಡಿಗಳು ಬಯಲಿನ ಕಡೆ ಹೊರಟವು. ಜವರಯ್ಯ ತನ್ನ ಹೆಂಡತಿ ಮಾದೇವಮ್ಮ, ಮೇಕೆ, ಒಲೆಕಲ್ಲು ಎಲ್ಲ ಸಾಗಿಸಿಕೊಂಡು ಹೋದ. ಹೋಗುವ ಮುಂಚೆ ಬಾಗಿಲಿಗೆ ಬಂದು, "ನೀವೂ ಬಂದ್ಬುಡಿ ಸಾಮಿ, ನಮ್ ಪಕ್ಕದಲ್ಲೇ ಜಾಗ ಐತೆ, ತಟ್ಟಿ ಕಟ್ಕೊಡ್ತೀನಿ," ಎಂದು ಕರೆದ.

ಅವತ್ತು ಗಂಡ ಹೆಂಡಿರಿಗೆ ಜಗಳವಾಯಿತು. ಅವರ ಮನೆಯಲ್ಲಿ ಜಗಳ ನಾನು ಕೇಳಿದ್ದು ಅದೊಂದೇ ಸಲ.

"ಹೋಗ್ಬುಡೋಣ ರೀ. ನನಗ್ಯಾಕೋ ಎದೆ ಹೊಡ್ಕೊತಿದೆ."

"ಬಯಲಿಗಾ? ಆ ಒಂಟಿ ತಟ್ಟಿ ಷೆಡ್ಡಿಗಾ? ಈ ಗಾಳೀಲಿ? ಹಸೀ ಬಾಣಂತಿ, ಹಸುಗೂಸು ಇನ್ನಾಸಿ! ಒಂದನ್ನ ಗಾಳಿಗೆ ಕೊಟ್ಟಿದ್ದು ಸಾಲದಾ ನಿನಗೆ?"

"ಪ್ಲೇಗ್ ಬಂದ್ರೆ?"

"ನಮ್ಮನೇಲಿ ಇಲಿ ಬಿದ್ದಿದೆಯಾ? ಹೇಳು. ಒಂದಾದ್ರೂ ಬಿದ್ದಿದೆಯಾ? ಬೀಳ್ಲಿ, ಆ ಕ್ಷಣ ಹೊರಡೋಣ. ಮಾತು ಕೊಡ್ತೀನಿ."

ಅವನು ಸುಳ್ಳಾಡುವ ಜಾತಿಯಲ್ಲ. ಬೆಳಿಗ್ಗೆ ಎದ್ದರೆ ಲಾಂದ್ರ ಹಿಡಿದು ಅಟ್ಟ, ಮಂಚದ ಅಡಿ, ಸೌದೆಯ ಒಟ್ಟಿಲು, ಒಂದೊಂದು ಮೂಲೆಯನ್ನೂ ನೋಡುತ್ತಿದ್ದ. ಬಂಗಲೆಯಿಂದ ಬಂದು ಮತ್ತೆ ನೋಡುತ್ತಿದ್ದ. ಒಂದು ಇಲಿಯೂ ಬಿದ್ದಿರಲಿಲ್ಲ. ನನ್ನ ಮನೆಯಲ್ಲೂ ಬಿದ್ದಿರಲಿಲ್ಲವಾದ್ದರಿಂದ ನಾವೂ ಇದ್ದುಬಿಟ್ಟೆವು.

ಇನ್ನೂ ಸಮಾಧಾನದ ಸಂಗತಿಯೆಂದರೆ, ಗೋಡೆಯೊಳಗಿನ ಸರಸರ ನಿಂತೇಹೋಯಿತು. ಬೆಕ್ಕು ಗೋಡೆ ನೋಡುವುದನ್ನು ಬಿಟ್ಟು ಬಿಸಿಲಿಗೆ ಮಲಗತೊಡಗಿತು. ಸೂಸೈರಾಜ ಗೆದ್ದವನ ಹಾಗೆ ಬೇಲಿಯ ಹತ್ತಿರ ಬಂದ.

"ಬೇವಿನಸೊಪ್ಪು ಈಗ ಹಿಡೀತು ನೋಡಿ. ಒಂದು ಇಲೀನೂ ಇಲ್ಲ. ಓಡಿಹೋದ್ವು."

"ಒಳ್ಳೇದಾಯ್ತು ಬಿಡಿ," ಎಂದೆ ನಾನು.

ಕೋಣೆಯಲ್ಲಿ ಏನೋ ವಾಸನೆ ಎಂದು ಪುಷ್ಪಮೇರಿ ಒಂದೆರಡು ಸಲ ಹೇಳಿದಳಂತೆ. ಬಾಣಂತಿ ಕೋಣೆಯಲ್ಲಿ ವಾಸನೆಗೇನು ಬರ? ಬೆಳ್ಳುಳ್ಳಿ, ಬಜೆ, ಹರಳೆಣ್ಣೆ, ಒದ್ದೆ ಬಟ್ಟೆ. ಇನ್ನಾಸಮ್ಮ ಕೆಂಡಕ್ಕೆ ಇನ್ನಷ್ಟು ಸಾಂಬ್ರಾಣಿ ಹಾಕಿದಳು. ಕಿಂಡಿಯಿಲ್ಲದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ದಟ್ಟವಾಗಿ ನಿಂತು ಎಲ್ಲ ವಾಸನೆಯನ್ನೂ ಮುಚ್ಚಿತು.

ಕ್ರಿಸ್ಮಸ್ ಹಬ್ಬದ ಮಾರನೆಯ ದಿನ ಅವಳಿಗೆ ಜ್ವರ ಬಂತು. ಎದೆಹಾಲು ಕಟ್ಟಿ ಬಂದ ಜ್ವರವೆಂದು ಇನ್ನಾಸಮ್ಮ ಕಷಾಯ ಕೊಟ್ಟಳು. ಸಂಜೆಯ ಹೊತ್ತಿಗೆ ಅವಳ ಕಣ್ಣು ಕೆಂಡವಾಗಿ ಮಾತು ತೊದಲತೊಡಗಿತು. ತೊಡೆಯ ಸಂದಿನಲ್ಲಿ ಗಡ್ಡೆ ಎದ್ದಿತ್ತು.

ಡಾಕ್ಟರು ಅನಂತಪದ್ಮನಾಭಯ್ಯನವರನ್ನು ಕರೆತಂದದ್ದು ನಾನೇ. ಅವರು ನೋಡಿದ ಕೂಡಲೇ ಕೂಸನ್ನು ಹೊರಗೆ ಕೊಡಿ ಎಂದರು. ಸೂಸೈರಾಜ ಬಾಗಿಲಿಗೆ ಅಡ್ಡ ನಿಂತ.

"ಪ್ಲೇಗ್ ಅಲ್ಲ ಸ್ವಾಮಿ. ಇರಕ್ಕಿಲ್ಲ. ನಾನು ದಿನಾ ಎರಡು ಹೊತ್ತೂ ನೋಡ್ತಿದೀನಿ. ನಮ್ಮನೇಲಿ ಒಂದು ಇಲಿ ಬಿದ್ದಿಲ್ಲ. ಇಲಿ ಬೀಳದೆ ಪ್ಲೇಗ್ ಹೆಂಗ್ ಬರುತ್ತೆ?"

ಡಾಕ್ಟರು ಸುತ್ತ ನೋಡಿದರು. ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟಿದರು. ಮಣ್ಣಿನ ಗೋಡೆಯ ಸದ್ದು ಬರಲಿಲ್ಲ.

"ಇದರೊಳಗೆ ಏನು ತುಂಬಿದ್ದೀರಿ?"

"ಹೊಟ್ಟು ಸ್ವಾಮಿ. ಬೆಚ್ಚಗಿರ್ಲಿ ಅಂತ."

ಡಾಕ್ಟರು ತಟ್ಟಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಸೂಸೈರಾಜ ಅವರ ಮುಖ ನೋಡಿದ, ಗೋಡೆ ನೋಡಿದ, ಮತ್ತೆ ಅವರ ಮುಖ ನೋಡಿದ. ಆಮೇಲೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

ಪಾದ್ರಿಗಳು ಬಂದು, ಸಾಯುವವರಿಗೆ ಹಚ್ಚುವ ಕಡೆಯ ಎಣ್ಣೆ ಹಚ್ಚಿದರು. ಮರುದಿನ ಮಧ್ಯಾಹ್ನ ಪುಷ್ಪಮೇರಿಗೆ ಸ್ವಲ್ಪ ಸ್ಮೃತಿ ಬಂತು. ತೊಟ್ಟಿಲ ಕಡೆ ಕೈ ಚಾಚಿದಳು. ತೊಟ್ಟಿಲು ಬರಿದಾಗಿತ್ತು. ಕೂಸನ್ನು ಆಗಲೇ ಮಾದೇವಮ್ಮ ಬಯಲಿಗೆ ಒಯ್ದಿದ್ದಳು.

"ಅಪ್ಪ, ಕೂಸಿಗೆ ಬೆಚ್ಚಗಿದೆಯಾ?"

"ಬೆಚ್ಚಗಿದೆ ಕಣಮ್ಮ," ಎಂದ ಸೂಸೈರಾಜ.

ಸಂಜೆ ದೀಪ ಹಚ್ಚುವ ಮೊದಲು ಅವಳು ಹೋದಳು. ಗಂಡ ಅರಸೀಕೆರೆಯಿಂದ ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಪ್ಲೇಗಿನ ಹೆಣವನ್ನು ಇಟ್ಟುಕೊಂಡು ಕೂರುವಂತಿರಲಿಲ್ಲ.

ಪ್ಲೇಗಿನ ಆಳುಗಳು ಕೋಣೆಯನ್ನು ಸುಡಲು ಬಂದರು. ಸೂಸೈರಾಜ ಅವರ ಕೈಯಿಂದ ಹಾರೆ ಕಿತ್ತುಕೊಂಡ. ತಾನೇ ಗೋಡೆಗೆ ಹೊಡೆದ. ಗಿಲಾವು ಒಡೆದು ತಟ್ಟಿ ಹರಿದ ಕೂಡಲೇ ಹೊಟ್ಟು ಭರಭರನೆ ಅವನ ಪಾದದ ಮೇಲೆ ಸುರಿಯಿತು. ಹೊಟ್ಟಿನ ಜೊತೆ ಅವೂ ಬಿದ್ದವು. ಒಂದು, ಇನ್ನೊಂದು, ಆಮೇಲೆ ಗುಂಪುಗುಂಪಾಗಿ. ಕೆಲವು ಒಣಗಿ ಚಕ್ಕಳವಾಗಿದ್ದವು, ಕೆಲವು ಇನ್ನೂ ಹಸಿ. ಹಾಸಿಗೆಯ ತಲೆದೆಸೆಯ ಗೋಡೆಯಲ್ಲೇ ಹೆಚ್ಚಾಗಿದ್ದವು, ಅಲ್ಲಿ ಅಗ್ಗಿಷ್ಟಿಕೆಯ ಬಿಸಿ ಇತ್ತು. ಮಂಚದ ಕಾಲಿನ ಮರೆಯಲ್ಲಿ ಗೋಡೆಯ ಬುಡಕ್ಕೆ ಬೆರಳು ಹೋಗುವಷ್ಟು ಒಂದು ಬಿರುಕು ಇದ್ದದ್ದೂ ಆಗಲೇ ಕಂಡದ್ದು. ಸತ್ತ ಇಲಿಯ ಮೈಬಿಟ್ಟ ಚಿಗಟಗಳಿಗೆ ಅಷ್ಟು ದಾರಿ ಸಾಕು ಎಂದು ಡಾಕ್ಟರು ಆಮೇಲೆ ಹೇಳಿದರು.

"ಬಿದ್ದಿದ್ವು ಕಣೇ ಇನ್ನಾಸಿ," ಎಂದ ಅವನು, ಹಾರೆ ಹಿಡಿದುಕೊಂಡೇ. "ಎಲ್ಲಾ ಬಿದ್ದಿದ್ವು. ನಮಗೆ ಕಾಣಿಸದ ಹಂಗೆ ಗೋಡೆ ಕಟ್ಟಿದೋನು ನಾನು."

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಬಟ್ಲರು ಎಂದು ಊರು ಆಡಿಕೊಂಡಿತು. ಆಡಿಕೊಂಡ ನಾಲಿಗೆಗೆ ಹುಳ ಬೀಳಲಿ. ಅದೇ ನಾಲಿಗೆಗಳು ದೀಪಾವಳಿಯಲ್ಲಿ ಅದೇ ಗೋಡೆಯ ಮುಂದೆ ನಿಂತು ಬಟ್ಲರ ಬುದ್ಧಿಯನ್ನು ಹೊಗಳಿದ್ದನ್ನು ನಾನು ಈ ಕಿವಿಯಿಂದಲೇ ಕೇಳಿದ್ದೇನೆ.

ನಾವೂ ಬಯಲಿಗೆ ಹೋದೆವು. ಜವರಯ್ಯ ಸೂಸೈರಾಜನಿಗೆ ತನ್ನ ಷೆಡ್ಡಿನ ಪಕ್ಕದಲ್ಲೇ ಒಂದು ಕಟ್ಟಿಕೊಟ್ಟಿದ್ದ. ಒಂಟಿ ತಟ್ಟಿ, ಮೇಲೆ ಹುಲ್ಲು. ಗಿಲಾವಿಲ್ಲ, ಏನಿಲ್ಲ. ಚಾಮುಂಡಿ ಬೆಟ್ಟದಿಂದ ಇಳಿದ ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತಿತ್ತು. ಕ್ಸೇವಿಯರ್ ಬಾಗಿಲಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿರುತ್ತಿದ್ದ. ಮಾವನ ಮೇಲೆ ಒಂದು ಮಾತನ್ನೂ ಆಡಲಿಲ್ಲ. ಮಾದೇವಮ್ಮನ ಮೇಕೆಯ ಹಾಲಿನಲ್ಲಿ ಬಟ್ಟೆಯ ಬತ್ತಿ ಅದ್ದಿ ಇನ್ನಾಸಮ್ಮ ಕೂಸಿಗೆ ಚೀಪಿಸುತ್ತಿದ್ದಳು.

ಜನವರಿ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಗಂಜಿ ತೆಗೆದುಕೊಂಡು ನಾನು ಅಲ್ಲಿಗೆ ಹೋದಾಗ, ಸೂಸೈರಾಜ ಒಂದು ಹೊರೆ ಹುಲ್ಲು ಪಕ್ಕದಲ್ಲಿಟ್ಟುಕೊಂಡು ತಟ್ಟಿಯ ಸಂದುಗಳಿಗೆ ಒಂದೊಂದಾಗಿ ತುರುಕುತ್ತಿದ್ದ. ಮೈಮೇಲೆ ಪ್ರಜ್ಞೆ ಇದ್ದಂತಿರಲಿಲ್ಲ. ಕೈ ಮಾತ್ರ ಕೆಲಸ ಮಾಡುತ್ತಿತ್ತು.

"ಬುಡ್ರೀ," ಎಂದಳು ಇನ್ನಾಸಮ್ಮ. "ಮುಚ್ಬೇಡಿ."

ಅವನ ಕೈ ನಿಂತಿತು. ಹಿಡಿಯಲ್ಲಿದ್ದ ಹುಲ್ಲನ್ನು ನೋಡಿದ. ಆಮೇಲೆ ತುರುಕಿದ್ದನ್ನೆಲ್ಲ ಬೆರಳು ಹಾಕಿ ಹೊರಗೆಳೆಯತೊಡಗಿದ. ಒಂದೊಂದು ಸಂದು ಬಿಟ್ಟ ಹಾಗೂ ಗಾಳಿ ಒಳಗೆ ಬಂತು. ಕೂಸಿನ ಕುಲಾವಿಯ ದಾರ ಹಾರಾಡಿತು. ಅದು ಒಮ್ಮೆ ಸೀನಿ, ಮತ್ತೆ ಬತ್ತಿಗೆ ಬಾಯಿ ಹಾಕಿ ಸೊರಸೊರ ಚೀಪತೊಡಗಿತು. ಕೆನ್ನೆ ತುಂಬಿಕೊಂಡಿತ್ತು. ಒಂದು ತಿಂಗಳಿಂದ ಆ ಗಾಳಿಯಲ್ಲೇ ಮಲಗಿ, ಆ ಗಾಳಿಯಲ್ಲೇ ಎದ್ದು, ಅದು ಬೆಳೆಯುತ್ತಿತ್ತು.

ಸೂಸೈರಾಜ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.

"ಇದಕ್ಕೆ ಗಾಳಿ ಏನೂ ಮಾಡ್ಲಿಲ್ವಲ್ಲ ಇನ್ನಾಸಿ," ಎಂದ. "ಹಂಗಾದ್ರೆ ಆ ಮೊದಲ್ನೇ ಕೂಸು ಯಾತಕ್ಕೆ ಹೋಯ್ತು?"

ಇನ್ನಾಸಮ್ಮ ಬತ್ತಿಯನ್ನು ಮತ್ತೆ ಹಾಲಿನಲ್ಲಿ ಅದ್ದಿದಳು.